ಗಿಡವನ್ನೇ ಕೇಳಿ ನೀರು ಹಾಕು

ಪುಟ್ಟಾ,

ನೀನು ಕಳಿಸಿದ ಕರಿಬೇವಿನ ಹಳದಿ ಎಲೆಯ ಫೋಟೊ ನೋಡಿದೆ. ಎಲೆ ನೋಡಿ ಅಷ್ಟೇನೂ ಅನ್ನಿಸಲಿಲ್ಲ, ಅದಕ್ಕೆ ಬಂದ ಸಲಹೆಗಳ ಪಟ್ಟಿ ನೋಡಿ ಗಾಬರಿಯಾಯಿತು. ಒಬ್ಬರು ನೀರು ಸಾಲದು ಅಂದರಂತೆ, ಇನ್ನೊಬ್ಬರು ನೀರು ಜಾಸ್ತಿಯಾಯಿತು ಅಂದರಂತೆ. ಒಬ್ಬರು ಎಪ್ಸಮ್ ಉಪ್ಪು ಹಾಕು ಅಂದರೆ ಮತ್ತೊಬ್ಬರು ಕಾಫಿ ಚರಟ ಹಾಕು ಅಂದರಂತೆ. ಮೇಲಿನ ಮಹಡಿಯ ತಾತ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ಬಾಟಲಿಯಲ್ಲಿ ತಂದೇ ಕೊಟ್ಟರಂತೆ. ನೀನು ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಒಂದೇ ವಾರದಲ್ಲಿ ಎಲ್ಲವನ್ನೂ ಮಾಡಿ ಮುಗಿಸಿದ್ದೀಯ. ಆ ಗಿಡಕ್ಕೆ ಮೊದಲು ಏನಾಗಿತ್ತೋ ಗೊತ್ತಿಲ್ಲ, ಈಗ ಉಪಚಾರದ ಕಾಯಿಲೆಯಂತೂ ಬಂದಿದೆ ಕಣೋ.

ಹಾಗಂತ ನಿಮ್ಮ ಸಂಜೆಯ ಕೂಟವನ್ನು ನಾನು ದೂರುತ್ತಿಲ್ಲ. ಮಿಸ್ಸಿಸಾಗಾದ ಆ ಚಳಿಯಲ್ಲಿ, ಐದು ಗಂಟೆಗೇ ಕತ್ತಲಾಗುವ ಊರಿನಲ್ಲಿ, ಕೆಲಸ ಮುಗಿಸಿ ಬಂದವನಿಗೆ ಕೆಳಗಿನ ಕೋಣೆಯಲ್ಲಿ ಗಿಡದ ಮಾತಾಡುವ ನಾಲ್ಕು ಜನ ಸಿಕ್ಕರೆ ಅದು ಪುಣ್ಯ. ಟೊಮ್ಯಾಟೊ ಸಸಿ ಮಾಡುವವರು, ಆರ್ಕಿಡ್ ಹುಚ್ಚಿನವರು, ಗಾಂಜಾ ಗಿಡ ಬೆಳೆಸುವವರು ಎಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ ಅಂತ ನೀನು ಬರೆದಾಗ ನಿನ್ನ ದೊಡ್ಡಪ್ಪ ಹುಬ್ಬೇರಿಸಿದರು. ನನಗೆ ಆಶ್ಚರ್ಯವಾಗಲಿಲ್ಲ. ಗಿಡದವರ ಮಾತು ಎಲ್ಲಿ ಹೋದರೂ ಒಂದೇ. ಇಲ್ಲಿ ಲಾಲ್‌ಬಾಗಿನಲ್ಲಿ ಬೆಳಗ್ಗೆ ವಾಕಿಂಗಿಗೆ ಬರುವವರ ಮಾತಿಗೆ ಕಿವಿ ಕೊಡು, ಅರ್ಧ ರಾಜಕೀಯ, ಕಾಲು ಮಂಡಿನೋವು, ಉಳಿದ ಕಾಲು ಗಿಡ. 'ಏನ್ರೀ, ನಿಮ್ಮ ದಾಸವಾಳದ ಮೊಗ್ಗು ಇನ್ನೂ ಉದುರ್ತಿದ್ಯಾ?' 'ಉದುರ್ತಿದೆ ಕಣ್ರೀ.' ಅಷ್ಟೇ. ಕೇಳಿದವರು ಮದ್ದು ಹೇಳುವುದಿಲ್ಲ, ಹೇಳಿದವರು ಮದ್ದು ಕೇಳಿರುವುದೂ ಇಲ್ಲ. ನಾಳೆ ಬೆಳಗ್ಗೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ಈ ಊರಿಗೆ ಇದು ಹಳೆಯ ಚಾಳಿ. 1760ರಲ್ಲಿ ಹೈದರಾಲಿ ಶುರು ಮಾಡಿದ ಈ ಲಾಲ್‌ಬಾಗಿನಲ್ಲೇ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು, ಜರ್ಮನಿಯಿಂದ ಬಂದು ತೋಟ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್ ಕಾಲದಲ್ಲಿ. ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು ಫಲಪುಷ್ಪ ಪ್ರದರ್ಶನ ಅಂತ ಗಾಜಿನ ಮನೆಗೆ ಜನ ನುಗ್ಗುವುದನ್ನು ನೀನೇ ಚಿಕ್ಕವನಿದ್ದಾಗ ಹೆಗಲ ಮೇಲೆ ಕೂತು ನೋಡಿದ್ದೀಯ. ಆಮೇಲೆ ತಾರಸಿ ತೋಟದವರು ಬಂದರು. ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಊರಿಗೆಲ್ಲ ಕಲಿಸಿದರು. 2011ರಲ್ಲಿ 'ಊಟ ಫ್ರಮ್ ಯುವರ್ ತೋಟ' ಅನ್ನುವ ಮೇಳ ಶುರುವಾಯಿತು. ಅಲ್ಲಿ ಬೀಜ ಕೊಟ್ಟು ಬೀಜ ತಗೊಳ್ಳುವ ಮೇಜಿನ ಮುಂದೆ ನಿಂತರೆ ಅರ್ಧ ದಿನ ಹೋಗಿದ್ದೇ ತಿಳಿಯುವುದಿಲ್ಲ. ಚಪ್ಪರದವರೆ ಬೀಜ ಒಂದು ಹಿಡಿ ಬೇಕಿದ್ದರೆ ಕೊಡುವವರ ಅತ್ತೆ ಮನೆಯ ಕತೆ ಪೂರ್ತಿ ಕೇಳಬೇಕು. ಕೇಳಬೇಕಾದ್ದೇ ಕಣೋ. ಬೀಜದ ಬೆಲೆ ಅದು.

ನಾನು ಹೇಳಬೇಕಾಗಿರುವುದು ಇದು: ಹರಟೆಯನ್ನು ಹರಟೆಯಾಗಿ ಇಟ್ಟುಕೋ. ಅದನ್ನು ವೈದ್ಯ ಮಾಡಿಕೊಳ್ಳಬೇಡ. ಕೂಟದಲ್ಲಿ ಕೂತು ಆಡುವ ಮಾತು ಗಿಡದ ಹತ್ತಿರ ಹೋಗುವ ಆಸೆ ಹುಟ್ಟಿಸುತ್ತದೆ, ಅದು ದೊಡ್ಡ ಉಪಕಾರ. ಗಿಡಕ್ಕೆ ಏನು ಬೇಕು ಅನ್ನುವುದನ್ನು ಮಾತ್ರ ಗಿಡದ ಮುಂದೆ ಕೂತೇ ತಿಳಿಯಬೇಕು.

ಈಗ ನಿನ್ನ ಕರಿಬೇವಿಗೆ ಬರೋಣ. ಹಳದಿಯಾದದ್ದು ಯಾವ ಎಲೆ, ಬುಡದ ಹಳೆಯ ಎಲೆಯೋ ತುದಿಯ ಹೊಸ ಎಲೆಯೋ? ಇಷ್ಟು ಜನ ಮದ್ದು ಹೇಳಿದ್ದಾರಲ್ಲ, ಇದನ್ನು ಒಬ್ಬರೂ ಕೇಳಿದ ಹಾಗಿಲ್ಲ, ನೀನೂ ಹೇಳಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು ನಾನು, ಆ ಚಾಳಿ ಬಿಡುವುದಿಲ್ಲ, ಸ್ವಲ್ಪ ಸಹಿಸಿಕೋ. ಸಾರಜನಕ ಸಾಲದೆ ಹೋದಾಗ ಗಿಡ ಹಳೆಯ ಎಲೆಯಿಂದ ಅದನ್ನು ಹೀರಿ ಹೊಸ ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಮೆಗ್ನೀಸಿಯಮ್ಮಿಗೂ ಇದೇ ಗುಣ. ಅದು ಕಡಿಮೆಯಾದರೆ ಹಳೆಯ ಎಲೆಯಲ್ಲಿ ನರಗಳು ಹಸಿರಾಗೇ ಉಳಿದು ನಡುವಿನ ಜಾಗ ಬಿಳಿಚಿಕೊಳ್ಳುತ್ತದೆ. ಕಬ್ಬಿಣಾಂಶ ಹಾಗಲ್ಲ, ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಅದು ಸಿಗದೆ ಹೋದರೆ ಹೊಸ ಚಿಗುರೇ ಬಿಳಿಚಿಕೊಂಡು ಬರುತ್ತದೆ, ನರ ಮಾತ್ರ ಹಸಿರು. ಇಷ್ಟು ಗೊತ್ತಿದ್ದರೆ ಎಪ್ಸಮ್ ಉಪ್ಪಿನ ಸಲಹೆ ಕೇಳಿದಾಗ ಥಟ್ಟನೆ ಒಂದು ಪ್ರಶ್ನೆ ಹುಟ್ಟಬೇಕು. ಅದು ಮೆಗ್ನೀಸಿಯಮ್ ಸಲ್ಫೇಟು. ಮೆಗ್ನೀಸಿಯಮ್ ಕೊರತೆ ಇದ್ದರೆ ಮದ್ದು, ಇಲ್ಲದಿದ್ದರೆ ಕುಂಡದಲ್ಲಿ ಸುಮ್ಮನೆ ಉಪ್ಪು. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆತರೂ ಇದನ್ನೇ ಹಾಕಿ ಅನ್ನುವವರಿದ್ದಾರೆ. ಅಲ್ಲಿ ಕಾಯಿಗೆ ತಲುಪದೆ ಇರುವುದು ಕ್ಯಾಲ್ಸಿಯಮ್. ಒಂದು ದಿನ ನೀರು ಸುರಿದು ನಾಲ್ಕು ದಿನ ಒಣಗಿಸಿದರೆ ಹಾಗಾಗುತ್ತದೆ. ಅದಕ್ಕೆ ಮೆಗ್ನೀಸಿಯಮ್ ಸುರಿದರೆ ಕ್ಯಾಲ್ಸಿಯಮ್ ಒಳಗೆ ಬರುವುದು ಇನ್ನೂ ಕಷ್ಟವಾಗುತ್ತದೆ.

ನಿನ್ನ ಗಿಡದ ವಿಷಯದಲ್ಲಿ ನನ್ನ ಊಹೆ ಬಹಳ ಸರಳ. ಕರಿಬೇವು ಬಿಸಿಲಿನ ಊರಿನದು. ಚಳಿಗಾಲದಲ್ಲಿ ಕಿಟಕಿಯ ಪಕ್ಕ ಬೆಳಕು ಸಾಲದೆ ಅದು ಬೆಳೆಯುವುದನ್ನೇ ನಿಲ್ಲಿಸಿ ಕೂತಿದೆ. ಬೆಳೆಯದ ಗಿಡ ನೀರು ಕುಡಿಯುವುದು ಕಡಿಮೆ. ನೀನು ಬೇಸಿಗೆಯ ಲೆಕ್ಕದಲ್ಲೇ ಹಾಕುತ್ತಿದ್ದೀಯ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿನಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯಲಾರದು, ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡವನು ಇನ್ನೊಂದು ಚೊಂಬು ನೀರು ಹಾಕುತ್ತಾನೆ. ಹವ್ಯಾಸಿಗಳ ಕೈಯಲ್ಲಿ ಗಿಡ ಸಾಯುವುದು ಹೆಚ್ಚಾಗಿ ಈ ದಾರಿಯಲ್ಲೇ, ಅಸಡ್ಡೆಯಿಂದ ಸಾಯುವುದು ಕಡಿಮೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸು. ಒಣಗಿದ್ದರೆ ಹಾಕು, ತೇವವಿದ್ದರೆ ಬೇಡ. ಇಲ್ಲವಾದರೆ ಕುಂಡ ಎತ್ತಿ ನೋಡು, ಭಾರದಲ್ಲೇ ತಿಳಿಯುತ್ತದೆ. ಮೇಲ್ಮಣ್ಣು ಒಣಗಲು ಬಿಟ್ಟರೆ ನೀನು ದೂರುತ್ತಿರುವ ಆ ಸಣ್ಣ ಕಪ್ಪು ನೊಣಗಳ ಕಾಟವೂ ತಗ್ಗುತ್ತದೆ. ಅವು ಮೊಟ್ಟೆ ಇಡುವುದು ತೇವದ ಮಣ್ಣಿನಲ್ಲೇ.

ನಿನ್ನ ಅಮ್ಮ ಹುಳಿ ಮಜ್ಜಿಗೆ ಹಾಕು ಅಂದಳಂತೆ. ಸುಳ್ಳಲ್ಲ, ನಮ್ಮಲ್ಲಿ ಎಲ್ಲರೂ ಹಾಕುತ್ತಾರೆ, ನಮ್ಮ ಹಿತ್ತಲಿನ ಕರಿಬೇವು ಮಜ್ಜಿಗೆ ಕುಡಿದೇ ಬೆಳೆದದ್ದು. ಬೋರ್‌ವೆಲ್ಲಿನ ಸುಣ್ಣದ ನೀರು ಕುಡಿದ ಮಣ್ಣಿಗೆ ಒಂದಿಷ್ಟು ಹುಳಿ ಬಿದ್ದರೆ ಕಬ್ಬಿಣಾಂಶ ಬೇರಿಗೆ ಸ್ವಲ್ಪ ಸುಲಭವಾಗಿ ಸಿಗಬಹುದು. ಇಲ್ಲಿ ಬಿಸಿಲಿದೆ, ಗಾಳಿಯಿದೆ, ಎರೆಹುಳ ಇದೆ, ಮಜ್ಜಿಗೆ ಎರಡು ದಿನದಲ್ಲಿ ಕರಗಿಹೋಗುತ್ತದೆ. ನಿನ್ನ ಮುಚ್ಚಿದ ಕೋಣೆಯಲ್ಲಿ, ಹೀಟರಿನ ಪಕ್ಕ, ಅಂಗೈಯಗಲದ ಕುಂಡಕ್ಕೆ ಹಾಕಿದರೆ ಮೊದಲು ನಾತ, ಆಮೇಲೆ ಬೂಷ್ಟು, ಆಮೇಲೆ ಮತ್ತೆ ಅದೇ ನೊಣ. ಸಲಹೆಗೂ ಊರು ಇರುತ್ತದೆ ಪುಟ್ಟಾ. ಯಾರಾದರೂ ಏನಾದರೂ ಹೇಳಿದರೆ ಅವರ ಗಿಡ ಇರುವುದು ಎಲ್ಲಿ, ಒಳಗೋ ಹೊರಗೋ, ಯಾವ ತಿಂಗಳಲ್ಲಿ ಹಾಗೆ ಮಾಡಿದರು ಅಂತ ಕೇಳು. ಭರಣಿ ಮಳೆ ಬಿದ್ದ ಮೇಲೆ ಬಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಿಮ್ಮ ಆಂಟೇರಿಯೊದವರು ವಿಕ್ಟೋರಿಯಾ ದಿನ ಕಳೆಯುವ ತನಕ ಟೊಮ್ಯಾಟೊ ಸಸಿ ಹೊರಗಿಡಬೇಡ ಅನ್ನುತ್ತಾರೆ. ಮೇ 25ಕ್ಕೆ ಮುಂಚಿನ ಸೋಮವಾರ ಅಲ್ಲವಾ ಅದು? ಅಷ್ಟು ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ಭಯ ಬಹುಮಟ್ಟಿಗೆ ಕಳೆದಿರುತ್ತದೆ. ಆ ಮಾತನ್ನು ಕಣ್ಣುಮುಚ್ಚಿ ನಂಬು, ಅದು ಆ ನೆಲದ್ದೇ ಮಾತು. ಅವರ ಕಾಫಿ ಚರಟವನ್ನು ಮಾತ್ರ ಅಷ್ಟು ನಂಬಬೇಡ.

ಇನ್ನು ಮೇಲೆ ಏನು ಮಾಡುವುದಿದ್ದರೂ ಒಂದು ಸಲಕ್ಕೆ ಒಂದೇ ಮಾಡು. ಮಾಡಿ ಕನಿಷ್ಠ ಹತ್ತು ದಿನ ಕಾಯಿ. ಹಳದಿಯಾದ ಎಲೆ ಮತ್ತೆ ಹಸಿರಾಗುವುದನ್ನು ಕಾಯಬೇಡ, ಹೊಸ ಎಲೆ ಹೇಗೆ ಬರುತ್ತದೆ ನೋಡು. ನಾಲ್ಕು ಮದ್ದು ಒಟ್ಟಿಗೆ ಹಾಕಿ ಗಿಡ ಚೇತರಿಸಿಕೊಂಡರೂ ಯಾವುದರಿಂದ ಚೇತರಿಸಿಕೊಂಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ನಾಲ್ಕು ಜನರೂ ತಮ್ಮದೇ ಮದ್ದು ಅಂತ ಹೇಳಿಕೊಂಡು ತಿರುಗುತ್ತಾರೆ. ಹೊಸ ಪವಾಡದ ಮದ್ದುಗಳು ಹುಟ್ಟುವುದೇ ಹೀಗೆ.

ಗಾಂಜಾ ಬೆಳೆಸುವವರ ಬಗ್ಗೆ ನೀನು ಸಂಕೋಚದಿಂದ ಬರೆದಿದ್ದೀಯ. ಸಂಕೋಚ ಬೇಡ. ಗಿಡದ ಮಟ್ಟಿಗೆ ಹೇಳುವುದಾದರೆ ಅವರಷ್ಟು ಕೂತು ನೋಡುವವರು ಅಪರೂಪ. ಅಮೆರಿಕ, ಕೆನಡಾದಲ್ಲಿ ಅವರು ಎಷ್ಟೋ ವರ್ಷ ಕದ್ದುಮುಚ್ಚಿ ಬೆಳೆದವರು. ದೀಪ, ಗೊಬ್ಬರ ಮಾರುವ ಅಂಗಡಿಗೆ ಹೋದರೆ ಎಲ್ಲರೂ 'ಟೊಮ್ಯಾಟೊ ಹಾಕಿದ್ದೀನಿ' ಅನ್ನುವವರೇ, ಅಂಗಡಿಯವನೂ ಟೊಮ್ಯಾಟೊಗೆ ಅಂತಲೇ ಕೊಡುತ್ತಿದ್ದ. ಹೊರಗೆ ಬೆಳೆಯುವಂತಿಲ್ಲದ ಕಾರಣ ಮನೆಯೊಳಗೆ ಬೆಳಕು, ಗಾಳಿ, ತೇವ ಎಲ್ಲವನ್ನೂ ಅಳೆದು ಕೊಡುವ ವಿದ್ಯೆ ಅವರಿಗೆ ಬಂತು. ಇವತ್ತು ಕಿಟಕಿಯ ಪಕ್ಕ ತುಳಸಿ ಇಟ್ಟು ಅದರ ಮೇಲೆ ದೀಪ ತೂಗುಹಾಕುವವರಿಗೂ ಆ ವಿದ್ಯೆ ಅಷ್ಟಿಷ್ಟು ಹರಿದು ಬಂದಿದೆ. ಆ ಮೇಜಿನಲ್ಲಿ ಕೂತು ಕಲಿಯುವುದು ಇದ್ದರೆ ಇದನ್ನು ಕಲಿ. ದಿನಾಂಕ ಹಾಕಿ ಬರೆದಿಡುವುದನ್ನೂ ಅವರಿಂದ ಕಲಿ. ಭೂತಗನ್ನಡಿ ಹಿಡಿದು ಹೂವಿನ ಮೇಲಿನ ಅಂಟುರೋಮದ ಬಣ್ಣ ನೋಡುವವನ ಕಣ್ಣಿಗೆ ಎಲೆಯ ಅಡಿಯಲ್ಲಿ ಕೂತ ಕೆಂಪು ನುಸಿ ತಪ್ಪಿಸಿಕೊಳ್ಳುವುದಿಲ್ಲ.

ಅವರ ಮಾತಿನಲ್ಲಿ ನಿನಗೆ ವಿಚಿತ್ರ ಅನ್ನಿಸಿದ ಕೆಲವು ನಮಗೆ ಮನೆಯ ವಿಷಯ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಅಂದರೆ ನಿನಗೆ ಆಶ್ಚರ್ಯ. ಹಿತ್ತಲಿನ ಪರಂಗಿ ಮರ ಹೂ ಬಿಟ್ಟೂ ಬಿಟ್ಟೂ ಕಾಯಿ ಕಟ್ಟದಿದ್ದಾಗ ಗಂಡು ಗಿಡ ಅಂತ ಕಡಿದು ಹಾಕಿದ್ದು ನೆನಪಿದೆಯಲ್ಲ, ಅದೇ ಲೆಕ್ಕ. ರಾತ್ರಿ ಉದ್ದವಾದರೇ ಗಾಂಜಾ ಹೂ ಬಿಡುವುದು, ಮಧ್ಯೆ ದೀಪ ಹಾಕಬೇಡ ಅಂತ ಗದರಿದರಂತೆ. ನಮ್ಮ ಸೇವಂತಿಗೆಯೂ ಹಾಗೇ ಕಣೋ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದು ಯಾಕೆ ಅಂದುಕೊಂಡೆ? ಸೇವಂತಿಗೆ ಎಳೆಯದರಲ್ಲೇ ಮೊಗ್ಗು ಹಿಡಿಯದಿರಲಿ, ಇನ್ನಷ್ಟು ಬೆಳೆಯಲಿ ಅಂತ ರೈತರು ಅದರ ರಾತ್ರಿಯನ್ನು ಒಡೆಯುತ್ತಾರೆ. ಇದನ್ನು ನಿಮ್ಮ ಕೂಟದಲ್ಲಿ ಹೇಳು, ಕಿವಿ ನಿಮಿರಿಸಿ ಕೇಳುತ್ತಾರೆ.

ಆದರೆ ಅವರ ಎಲ್ಲ ಮಾತಿಗೂ ತಲೆಯಾಡಿಸಬೇಡ. ಗುಟ್ಟಾಗಿ ಬೆಳೆದ ವಿದ್ಯೆಯಲ್ಲಿ ಕಂತೆಪುರಾಣವೂ ಸೇರಿರುತ್ತದೆ. ಕಟಾವಿಗೆ ಮುಂಚೆ ಮೂರು ದಿನ ಪೂರ್ತಿ ಕತ್ತಲೆಯಲ್ಲಿಡಬೇಕು, ಬೆಲ್ಲದ ಪಾಕದಂಥದ್ದನ್ನು ನೀರಿಗೆ ಬೆರೆಸಬೇಕು, ಇಂಥ ಬಾಟಲಿಯನ್ನು ಇಂಥ ವಾರವೇ ಹಾಕಬೇಕು ಅಂತ ನಿಯಮಗಳ ಮೇಲೆ ನಿಯಮ. ಬಾಟಲಿಯ ಮಾತು ಬಂದಾಗ ಹೇಳುವವನಿಗೆ ಬಾಟಲಿ ಮಾರುವವರ ನಂಟು ಇದೆಯೋ ನೋಡಿಕೋ. ಚೆನ್ನಾಗಿ ಬಂದ ಗಿಡವನ್ನು ಮಾತ್ರ ತೋರಿಸುವವರ ಮಾತನ್ನು ಅರ್ಧಕ್ಕೆ ಇಳಿಸಿ ಕೇಳು. ಮದ್ದು ಹೇಳುವ ಮೊದಲು ನಿನ್ನನ್ನೇ ನಾಲ್ಕು ಪ್ರಶ್ನೆ ಕೇಳುವವರು ಸಿಕ್ಕರೆ ಅವರ ಪಕ್ಕದ ಕುರ್ಚಿ ಹಿಡಿ.

ಕಾನೂನಿನ ಮಾತು ಹೇಳದೆ ಬಿಟ್ಟರೆ ನಾನು ನಿನ್ನ ದೊಡ್ಡಮ್ಮ ಹೇಗಾದೇನು? ಬೇಸಿಗೆಗೆ ನೀನೂ ಹಾಕುತ್ತೇನೆ ಅಂದಿದ್ದೀಯ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಮನೆಯಲ್ಲಿ ಬೆಳೆಯಬಹುದು, ಆಂಟೇರಿಯೊದಲ್ಲಿ ಹತ್ತೊಂಬತ್ತು ತುಂಬಿದವರಿಗೆ. ಆದರೆ ಒಂದು ಮನೆಗೆ ನಾಲ್ಕೇ ಗಿಡ. ನೀವು ಮೂವರು ಹುಡುಗರು ಒಂದೇ ಮನೆಯಲ್ಲಿದ್ದೀರಿ, ತಲೆಗೆ ನಾಲ್ಕರಂತೆ ಹನ್ನೆರಡು ಅಂತ ಲೆಕ್ಕ ಹಾಕಬೇಡಿ. ಬಾಡಿಗೆ ಕರಾರನ್ನು ಒಮ್ಮೆ ಓದು. ದೇಶದ ಕಾನೂನು ಬಿಟ್ಟರೂ ಮನೆಯ ಮಾಲೀಕರು ಬಿಡದೆ ಇರಬಹುದು. ಸೆಪ್ಟೆಂಬರಿನ ಮಳೆಯಲ್ಲಿ ದಪ್ಪ ಹೂಗೊಂಚಲಿನ ಒಳಗೆ ಬೂದುಬಣ್ಣದ ಬೂಷ್ಟು ಬರುತ್ತದಂತೆ, ಬಾಲ್ಕನಿಯಲ್ಲಿ ಗಾಳಿಯಾಡುವ ಜಾಗ ನೋಡಿಡು. ಪಕ್ಕದ ಮನೆಯ ಮಗುವಿನ ಕೈಗೆ, ನಾಯಿಯ ಬಾಯಿಗೆ ಸಿಗದಂತಿರಲಿ. ಸೇದುವುದರ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಗಿಡವನ್ನು ಗಿಡವಾಗಿ ಬೆಳೆಸುವ ಸುಖ ಒಂದು, ಆ ಇನ್ನೊಂದು ಬೇರೆ, ಇಷ್ಟೇ ಹೇಳುತ್ತೇನೆ.

ಇಲ್ಲಿಯ ಕತೆ ಬೇರೆಯೇ. ಭಂಗಿ ಸೊಪ್ಪು ನಮ್ಮ ನೆಲಕ್ಕೆ ಹೊಸದಲ್ಲ. ಬ್ರಿಟಿಷ್ ಸರ್ಕಾರ ಇದಕ್ಕಂತಲೇ 1893ರಲ್ಲಿ ಒಂದು ಆಯೋಗ ಮಾಡಿತ್ತು, ಮಿತವಾಗಿ ಬಳಸುವವರಿಗೆ ದೊಡ್ಡ ಹಾನಿಯೇನೂ ಕಾಣಲಿಲ್ಲ ಅಂತ ಅದು ಬರೆಯಿತು. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಉತ್ತರಾಖಂಡದಂಥ ಕಡೆ ನಾರಿಗಾಗಿ ಬೆಳೆಯಲು ಪರವಾನಗಿ ಕೊಡುವುದುಂಟು, ಅದರಲ್ಲಿ ಅಮಲಿನ ಅಂಶ ಇರುವುದೇ ಅತ್ಯಲ್ಪ. ಅದನ್ನು ಕೇಳಿಕೊಂಡು ಬೆಂಗಳೂರಿನ ಹುಡುಗರು 'ಈಗ ಬಿಟ್ಟಿದಾರಂತೆ' ಅಂದುಕೊಳ್ಳುತ್ತಾರೆ. 2024ರ ನವೆಂಬರಿನಲ್ಲಿ ಇಲ್ಲೇ ಒಬ್ಬ ಗಂಡ ಹೆಂಡತಿ ಬಾಲ್ಕನಿಯಲ್ಲಿ ಬೇರೆ ಗಿಡಗಳ ನಡುವೆ ಗಾಂಜಾ ಹಾಕಿದ್ದರು. ಹೆಂಡತಿ ತನ್ನ ತೋಟದ ಚಂದ ತೋರಿಸಲು ಫೇಸ್‌ಬುಕ್ಕಿಗೆ ಫೋಟೊ ಹಾಕಿದಳು. ಯಾರೋ ಗುರುತು ಹಿಡಿದರು, ಪೊಲೀಸರು ಬಾಗಿಲು ತಟ್ಟಿದರು. ಸುದ್ದಿ ಓದಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕುಂಡದಲ್ಲಿ ಚೆನ್ನಾಗಿ ಬಂದದ್ದನ್ನು ನಾಲ್ಕು ಜನಕ್ಕೆ ತೋರಿಸದೆ ಇರಲು ಗಿಡದವರಿಗೆ ಆಗುವುದಿಲ್ಲ, ಅದು ನನಗೆ ಗೊತ್ತು. ಹಾಗಾಗಿ ತೋರಿಸಲಾಗದ ಗಿಡವನ್ನು ಇಲ್ಲಿ ಯಾರೂ ಹಾಕದಿರುವುದೇ ಒಳ್ಳೆಯದು. ಇಲ್ಲಿರುವ ನಿನ್ನ ಗೆಳೆಯರಿಗೆ ನಿನ್ನ ನಾಲ್ಕು ಗಿಡದ ಫೋಟೊ ಕಳಿಸಿ ಆಸೆ ಹುಟ್ಟಿಸಬೇಡ.

ಕೂಟದಲ್ಲಿ ಹೇಗೆ ಮಾತಾಡಬೇಕು ಅಂತ ಕೇಳಿದ್ದೀಯ. ಅಲ್ಲಿ ನೀನೇ ಚಿಕ್ಕವನು, ನಿನಗೇನೂ ಗೊತ್ತಿಲ್ಲ, ಏನು ಹೇಳಿದರೂ ಬಾಲಿಶವಾಗುತ್ತದೆ ಅನ್ನುವ ಅಂಜಿಕೆ ನಿನಗೆ. ಗೊತ್ತಿಲ್ಲದವರು ಇದ್ದರೇ ಕೂಟಕ್ಕೆ ಜೀವ ಕಣೋ. ಪ್ರತಿದಿನ ಹೋಗಿ ಕೂರು. ಇವತ್ತು ಹಿಮ ಎಷ್ಟು ಬಿತ್ತು, ನಿನ್ನ ಮೆಣಸಿನಕಾಯಿ ಬೀಜ ಮೊಳೆಯಿತೋ ಇಲ್ಲವೋ, ಇಷ್ಟು ಹೇಳಿದರೆ ಸಾಕು. ಯಾರಾದರೂ 'ನನ್ನ ಆರ್ಕಿಡ್ ಹೋಯಿತು' ಅಂದರೆ 'ನೀರು ಜಾಸ್ತಿ ಹಾಕಿದ್ರೇನೋ' ಅಂತ ಬಾಯಿ ಹಾಕಬೇಡ. ಸತ್ತ ಗಿಡಕ್ಕೆ ಕಾರಣ ಹುಡುಕುವ ಕೆಲಸ ಅವರದ್ದು, ಅವರಾಗಿ ಕೇಳಿದರೆ ಆಗ ಹೇಳು. 'ಅಯ್ಯೋ, ಎಷ್ಟು ವರ್ಷದ ಗಿಡ ಅದು?' ಅಂತ ಕೇಳು. ಆಗ ಅವರು ಅದನ್ನು ತಂದ ಅಂಗಡಿ, ಮೊದಲ ಸಲ ಹೂ ಬಿಟ್ಟ ದಿನ, ಆಗ ಬದುಕಿದ್ದ ಹೆಂಡತಿ, ಎಲ್ಲ ಹೇಳುತ್ತಾರೆ. ನಿಮ್ಮ ಆ ಬಾಳೆಸಿಪ್ಪೆಯ ತಾತ ಒಂಟಿ ಅಂತ ಹಿಂದೆ ಬರೆದಿದ್ದೆಯಲ್ಲ. ಬಾಟಲಿ ಹಿಡಿದು ಎರಡು ಮಹಡಿ ಇಳಿದು ಬಂದದ್ದು ನಿನ್ನ ಕರಿಬೇವಿಗಾಗಿ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಮತ್ತೆ ತಂದರೆ ಬಾಟಲಿ ತಗೋ, ಒಳಗೆ ಕರೆದು ಒಂದು ಲೋಟ ಕಾಫಿ ಕೊಡು. ಆ ನೀರನ್ನು ಮಾತ್ರ ಕುಂಡಕ್ಕೆ ಹಾಕಬೇಡ, ಅವರು ಹೋದ ಮೇಲೆ ಸಿಂಕಿಗೆ ಚೆಲ್ಲು. ಕೇಳಿದರೆ ಗಿಡ ಸುಧಾರಿಸುತ್ತಿದೆ ಅನ್ನು. ಬೇಸಿಗೆ ಬರುತ್ತಿದ್ದ ಹಾಗೆ ಸುಧಾರಿಸಿಯೇ ಸುಧಾರಿಸುತ್ತದೆ, ಸುಳ್ಳೇನೂ ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದವರನ್ನು ಕರೆಯುವ ಪದ್ಧತಿ ಇನ್ನೂ ಇದೆ. ಹತ್ತು ಗಂಟೆಗೆ ಫೋನು ಬರುತ್ತದೆ, ನೈಟಿಯ ಮೇಲೆ ಶಾಲು ಹೊದ್ದುಕೊಂಡು ಹೋಗುತ್ತೇವೆ, ಅರ್ಧ ಗಂಟೆ ನಿಂತು ಏನೇನೋ ಮಾತಾಡಿ ಬರುತ್ತೇವೆ. ಹೂವಿನ ಬಗ್ಗೆ ಆಡುವುದು 'ಚೆನ್ನಾಗಿದೆ' ಅನ್ನುವ ಒಂದೇ ಮಾತು. ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಒಂದು ಸಲ ಆ ಕುಂಡದ ಮುಂದೆ ಅಕ್ಕಪಕ್ಕ ನಿಂತದ್ದನ್ನು ನಾನೇ ನೋಡಿದ್ದೇನೆ. ರಾಜಿಯೇನೂ ಆಗಲಿಲ್ಲ, ಮರುದಿನದಿಂದ ಮತ್ತೆ ಮುಖ ತಿರುಗಿಸಿಕೊಂಡೇ ಓಡಾಡಿದರು. ಆದರೂ ಆ ಅರ್ಧ ಗಂಟೆ ನಿಂತಿದ್ದರು. ಗಿಡದ ಹರಟೆಯಿಂದ ಇದಕ್ಕಿಂತ ಹೆಚ್ಚು ಬಯಸಬೇಡ, ಇಷ್ಟು ಸಿಕ್ಕರೆ ಕಡಿಮೆ ಅಂತಲೂ ಅಂದುಕೊಳ್ಳಬೇಡ.

ಡಿಸೆಂಬರಿನಲ್ಲಿ ಬರುತ್ತೀಯಲ್ಲ, ಆ ನಾಲ್ಕು ಗಿಡಕ್ಕೆ ಸಂಬಂಧಿಸಿದ ಬೀಜವಾಗಲಿ ಎಲೆಯಾಗಲಿ ಚೂರೂ ನಿನ್ನ ಪೆಟ್ಟಿಗೆಯಲ್ಲಿ ಇರಕೂಡದು. ಗಡಿ ದಾಟಿಸುವುದು ಕೆನಡಾದಲ್ಲೂ ಅಪರಾಧ, ಇಲ್ಲಿ ಇಳಿದ ಮೇಲೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ. ಹಳೆಯ ಜೇಬು, ಬ್ಯಾಗಿನ ಮೂಲೆ ಎಲ್ಲ ಕೊಡವಿ ನೋಡಿ ಹೊರಡು. ವಾಪಸ್ ಹೋಗುವಾಗ ಅಮ್ಮ ಕೊಡುವ ಕರಿಬೇವಿನ ಸಸಿ, ಹಿತ್ತಲಿನ ಮಣ್ಣು ಯಾವುದೂ ಬೇಡ. ಅಲ್ಲಿ ಹೊರದೇಶದ ಮಣ್ಣು ಒಳಗೆ ಬಿಡುವುದಿಲ್ಲ, ಗಿಡ ಬೀಜ ಏನಿದ್ದರೂ ಅಧಿಕಾರಿಗಳಿಗೆ ಹೇಳಲೇಬೇಕು. ಇಲ್ಲಿರುವಷ್ಟು ದಿನ ಕುಂಡಗಳನ್ನು ನೋಡಿಕೊಳ್ಳಲು ಆ ತಾತನಿಗೇ ಬೀಗದ ಕೈ ಕೊಟ್ಟು ಬಾ. ನೀರು ಯಾವಾಗ, ಎಷ್ಟು ಅಂತ ಒಂದು ಚೀಟಿ ಬರೆದು ಕುಂಡಕ್ಕೇ ಅಂಟಿಸು, ಇಲ್ಲದಿದ್ದರೆ ಪ್ರೀತಿಯಿಂದ ದಿನಾ ಎರಡು ಹೊತ್ತು ಹಾಕಿಬಿಟ್ಟಾರು.

ನಿನ್ನ ನಾಲ್ಕು ಗಿಡದ ವಿಷಯ ಅಮ್ಮನಿಗೆ ಹೇಳಬೇಡಿ ದೊಡ್ಡಮ್ಮ ಅಂದಿದ್ದೀಯ. ನಾನಾಗಿ ಹೇಳುವುದಿಲ್ಲ. ಅವಳಾಗಿ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ಅವಳು ಆಗಲೇ, ಆ ಹುಡುಗ ಈಚೆಗೆ ಟೊಮ್ಯಾಟೊ ಬಗ್ಗೆ ಬಹಳ ಮಾತಾಡ್ತಾನೆ ಅಕ್ಕ, ಅಂತ ಎರಡು ಸಲ ಅಂದಾಯಿತು.

ನಿನ್ನ,
ದೊಡ್ಡಮ್ಮ